ಒಂದೇ ಡಿಸ್ಕು, ಎರಡು ಕಂಪ್ಯೂಟರು: ಇದಕ್ಕೆ ‘ಪಾಳಿ’ ಎನ್ನೋಣ

ಅಂಗೈಯಗಲದ ಪೆಟ್ಟಿಗೆ, ಅದರ ಮೇಲೊಂದು ಗುಂಡಿ. ಒಂದು ಬದಿಗೆ ಎರಡು ಕಂಪ್ಯೂಟರುಗಳಿಂದ ಬರುವ ಕೇಬಲ್ಲುಗಳು, ಇನ್ನೊಂದು ಬದಿಗೆ ಹಾರ್ಡ್ ಡಿಸ್ಕು, ಕೀಬೋರ್ಡು, ಮೌಸು. ‘ಯುಎಸ್‌ಬಿ ಶೇರಿಂಗ್ ಸ್ವಿಚ್’ ಎಂದು ಮಾರುತ್ತಾರೆ. ಮನೆಯಿಂದಲೇ ಕೆಲಸ ಮಾಡುವ ಎಷ್ಟೋ ಜನರ ಮೇಜಿನ ಮೇಲೀಗ ಸ್ವಂತದ್ದೊಂದು ಕಂಪ್ಯೂಟರು, ಕೆಲಸ ಕೊಟ್ಟವರದ್ದೊಂದು ಲ್ಯಾಪ್‌ಟಾಪು ಇರುತ್ತದೆ. ಅಂಥವರಿಗೆ ಇದು ಉಪಯೋಗದ ವಸ್ತುವೇ. ನನ್ನ ತಕರಾರು ಆ ‘ಶೇರಿಂಗ್’ ಎಂಬ ಪದದ ಮೇಲೆ. ಅದನ್ನು ನಂಬಿ ಗುಂಡಿ ಒತ್ತಿದವರು ಕಡತ ಕಳೆದುಕೊಳ್ಳಬಹುದು.

ಈ ಪದ ಕನ್ನಡಕ್ಕೆ ಬಂದರೆ ‘ಹಂಚಿಕೊಳ್ಳುವುದು’ ಆಗುತ್ತದೆ. ರೊಟ್ಟಿ ಹಂಚಿಕೊಂಡರೆ ನನ್ನ ಪಾಲು ಕಡಿಮೆಯಾಗುತ್ತದೆ. ಫೋಟೋ ಹಂಚಿಕೊಂಡರೆ ಇಬ್ಬರ ಬಳಿಯೂ ಪೂರ್ತಿ ಉಳಿಯುತ್ತದೆ. ಬಾಡಿಗೆ ಮನೆಯಲ್ಲಿ ಬಚ್ಚಲು ಹಂಚಿಕೊಂಡರೆ ಒಬ್ಬರು ಹೊರಬಂದ ಮೇಲೆಯೇ ಇನ್ನೊಬ್ಬರು ಒಳಗೆ ಹೋಗಬೇಕು. ಸ್ವಿಚ್ಚಿನದು ಈ ಮೂರನೆಯ ಬಗೆ. ಇದಕ್ಕೆ ನಮ್ಮಲ್ಲಿ ‘ಸರದಿ’ ಎಂಬ ಪದವಿದೆ, ಧಾರವಾಡದ ಕಡೆ ‘ಪಾಳಿ’ ಎನ್ನುತ್ತಾರೆ. ಪುಣೆಯಲ್ಲಿರುವ ನನಗೆ ಮರಾಠಿಯಲ್ಲೂ ಅದೇ ‘ಪಾಳಿ’ ದಿನಾ ಕಿವಿಗೆ ಬೀಳುತ್ತದೆ.

ಎರಡೂ ಕಂಪ್ಯೂಟರುಗಳು ಒಟ್ಟಿಗೇ ಡಿಸ್ಕನ್ನು ಬಳಸಿದರೇನು? ಯುಎಸ್‌ಬಿಯ ರಚನೆಯಲ್ಲೇ ಒಂದು ಸಾಧನಕ್ಕೆ ಒಂದು ಹೊತ್ತಿಗೆ ಒಬ್ಬನೇ ಯಜಮಾನ. ಆದರೆ ನಿಜವಾದ ತೊಡಕು ತಂತಿಯಲ್ಲಿಲ್ಲ, ಲೆಕ್ಕದಲ್ಲಿದೆ. ಡಿಸ್ಕಿನ ಯಾವ ಜಾಗ ಖಾಲಿ, ಯಾವ ಕಡತ ಎಲ್ಲಿದೆ ಎಂಬ ಲೆಕ್ಕವನ್ನು ಕಂಪ್ಯೂಟರು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ಬರೆಯುವವನು ತಾನೊಬ್ಬನೇ ಎಂದು ನಂಬಿರುತ್ತದೆ. ಒಂದೇ ಖಾತೆ ಪುಸ್ತಕಕ್ಕೆ ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ಕೇಳದೆ ಬರೆದ ಹಾಗೆ, ಒಬ್ಬನು ತುಂಬಿದ ಪುಟವನ್ನು ಇನ್ನೊಬ್ಬನು ಖಾಲಿಯೆಂದು ತಿಳಿದು ಅದರ ಮೇಲೆಯೇ ಬರೆಯುತ್ತಾನೆ. ದತ್ತಾಂಶ ಕೇಂದ್ರಗಳಲ್ಲಿ ಹಲವು ಕಂಪ್ಯೂಟರುಗಳು ಒಂದೇ ಡಿಸ್ಕಿಗೆ ಬರೆಯುವುದುಂಟು. ಆದರೆ ಅಲ್ಲಿ ಜಿಎಫ್‌ಎಸ್2, ಒಸಿಎಫ್‌ಎಸ್2ರಂಥ ಫೈಲ್ ಸಿಸ್ಟಮ್‌ಗಳು ಪ್ರತಿ ಬರಹಕ್ಕೂ ಬೀಗ ಹಾಕಿ, ತೆಗೆದು, ಪರಸ್ಪರ ತಿಳಿಸುತ್ತಿರುತ್ತವೆ. ನಮ್ಮ ಮನೆಯ ಡಿಸ್ಕಿನ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಿಗೆ ಆ ವ್ಯವಸ್ಥೆಯಿಲ್ಲ.

ಹಾಗಾಗಿ ಸ್ವಿಚ್ಚು ಒಬ್ಬರನ್ನು ಬಿಡಿಸಿ ಇನ್ನೊಬ್ಬರಿಗೆ ಕೊಡುತ್ತದೆ. ಅದು ಸರಿಯೇ. ಆದರೆ ಬಿಡಿಸುವ ಮೊದಲು ಅದು ಯಾರನ್ನೂ ಕೇಳುವುದಿಲ್ಲ. ಗುಂಡಿ ಒತ್ತುವುದೆಂದರೆ ಕೇಬಲ್ಲನ್ನು ಕಿತ್ತಂತೆಯೇ. ಪರದೆಯ ಮೇಲೆ ‘ಸೇವ್ ಆಯಿತು’ ಎಂದು ಕಂಡದ್ದು ಇನ್ನೂ ಡಿಸ್ಕಿಗೆ ಇಳಿಯದೆ ಇರಬಹುದು. ಲಿನಕ್ಸ್‌ನಲ್ಲಿ ಬರಹ ಸುಮಾರು 30 ಸೆಕೆಂಡಿನವರೆಗೂ ಮೆಮೊರಿಯಲ್ಲೇ ಕಾಯುವುದು ಸಾಮಾನ್ಯ. ವಿಂಡೋಸ್ 10ರಲ್ಲಿ, 2018ರ 1809ನೇ ಆವೃತ್ತಿಯಿಂದ, ಹೊರಗಿನ ಡಿಸ್ಕನ್ನು ಬೇಗ ತೆಗೆಯಲು ಅನುಕೂಲವಾಗುವಂತೆ ಮೂಲ ಆಯ್ಕೆಯನ್ನೇ ಬದಲಿಸಿದರು. ಅದರಿಂದ ಅಪಾಯ ಕಡಿಮೆಯಾಯಿತು, ಆದರೆ ಅರ್ಧಕ್ಕೆ ನಿಂತ ಬರಹವನ್ನು ಯಾವ ಆಯ್ಕೆಯೂ ಪೂರ್ತಿ ಮಾಡದು. ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲೂ ಬರೆಯಬಹುದೆಂದು ನಾವು ಎಕ್ಸ್‌ಫ್ಯಾಟ್ ಆರಿಸುತ್ತೇವೆ. ಎನ್‌ಟಿಎಫ್‌ಎಸ್ ತನ್ನ ಬದಲಾವಣೆಗಳನ್ನು ಮೊದಲೇ ದಿನಚರಿಯಂತೆ ಗುರುತಿಟ್ಟುಕೊಳ್ಳುತ್ತದೆ, ಎಕ್ಸ್‌ಫ್ಯಾಟ್‌ಗೆ ಆ ಅಭ್ಯಾಸವಿಲ್ಲ. ನಡುವೆ ಕಿತ್ತರೆ ಲೆಕ್ಕ ಸರಿಪಡಿಸಿಕೊಳ್ಳಲು ಅದಕ್ಕೆ ಆಧಾರ ಕಡಿಮೆ.

ನನ್ನ ಕಸುಬಿನಲ್ಲಿ ಇದರ ಬೆಲೆ ದೊಡ್ಡದು. ಟ್ರಾಡೋಸ್‌ನ ಅನುವಾದ ಸ್ಮೃತಿಯ ಕಡತ ಒಳಗಿನಿಂದ ಒಂದು ಎಸ್‌ಕ್ಯೂಲೈಟ್ ಡೇಟಾಬೇಸು. ವರ್ಷಗಟ್ಟಲೆ ಮಾಡಿದ ವಾಕ್ಯಗಳೆಲ್ಲ ಅದೊಂದರಲ್ಲೇ. ಒಂದು ವರ್ಡ್ ಕಡತ ಹಾಳಾದರೆ ಹೋಗುವುದು ಒಂದು ದಿನದ ಕೆಲಸ. ಇದು ಹಾಳಾದರೆ ಹೋಗುವುದು ಕೂಡಿಟ್ಟ ಅಷ್ಟೂ ಪದ. ಲೆಕ್ಕ ಬರೆಯುವವರ ಟ್ಯಾಲಿ, ಫೋಟೋಗ್ರಾಫರರ ಸಂಗ್ರಹಕ್ಕೂ ಇದೇ ಮಾತು ಹೊಂದುತ್ತದೆ.

‘ಕ್ಲೌಡ್ ಇರುವಾಗ ಈ ತಲೆನೋವೇಕೆ?’ ಎಂದು ಕೇಳಬಹುದು. ಕಡತವನ್ನು ಹೊರಗೆ ಹಾಕಕೂಡದೆಂಬ ಕರಾರು ಇದ್ದಾಗ ಕ್ಲೌಡ್ ಆಗದು. ಹಾಗೆಯೇ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹೊರಗಿನ ಡಿಸ್ಕಿಗೆ ನಿಷೇಧವಿದ್ದರೆ ಸ್ವಿಚ್ಚೂ ಬೇಡ. ಇಬ್ಬರು ಒಂದೇ ಹೊತ್ತಿಗೆ ಬಳಸಲೇಬೇಕೆಂದಿದ್ದರೆ ಮನೆಯ ನೆಟ್‌ವರ್ಕಿಗೆ ಸೇರುವ ಎನ್‌ಎಎಸ್ ಪೆಟ್ಟಿಗೆಯೇ ಸರಿ. ಅಲ್ಲಿ ಡಿಸ್ಕಿನ ಯಜಮಾನ ಆ ಪೆಟ್ಟಿಗೆಯೊಂದೇ, ಉಳಿದ ಕಂಪ್ಯೂಟರುಗಳೆಲ್ಲ ಅದನ್ನು ಕೇಳಿ ಪಡೆಯುತ್ತವೆ. ಒಬ್ಬರೇ ಕೂತು ಎರಡು ಯಂತ್ರ ನಡೆಸುವವರಿಗೆ ಸ್ವಿಚ್ಚು ಸಾಕು, ಆದರೆ ಪಾಳಿಯ ನಿಯಮದೊಂದಿಗೆ: ಡಿಸ್ಕಿನ ಕಡತಗಳನ್ನು ತೆರೆದಿರುವ ತಂತ್ರಾಂಶ ಮುಚ್ಚಿ, ಡಿಸ್ಕನ್ನು ‘ಇಜೆಕ್ಟ್’ ಮಾಡಿ, ತೆಗೆಯಬಹುದು ಎಂಬ ಸೂಚನೆ ಬಂದ ಮೇಲಷ್ಟೇ ಗುಂಡಿ ಒತ್ತಿ. ಕೀಬೋರ್ಡೂ ಅದೇ ಸ್ವಿಚ್ಚಿನಲ್ಲಿದ್ದರೆ ಇನ್ನೂ ಎಚ್ಚರ ಬೇಕು. ಬರೇ ಟೈಪ್ ಮಾಡಲೆಂದು ಆಚೆ ಹೊರಳಿದರೂ ಡಿಸ್ಕು ಜೊತೆಗೇ ಹೊರಟುಬಿಡುತ್ತದೆ. ನನ್ನ ಸಲಹೆ, ಸ್ವಿಚ್ಚಿಗೆ ಕೀಬೋರ್ಡು-ಮೌಸು ಕೊಡಿ, ಡಿಸ್ಕಿಗೆ ಬೇರೆಯದೇ ಸ್ವಿಚ್ಚು ಇಡಿ. ಏನೇ ಮಾಡಿದರೂ, ಇರುವ ಒಂದೇ ಪ್ರತಿಯನ್ನು ಅದರಲ್ಲಿ ಇಡಬೇಡಿ.

ಕೆರೆಯ ನೀರನ್ನು ಪಾಳಿಯ ಮೇಲೆ ಬಿಡುತ್ತಿದ್ದ ಊರುಗಳಲ್ಲಿ ಅದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಸ್ವಿಚ್ಚಿನ ಪೆಟ್ಟಿಗೆಯೊಳಗೆ ಅಂಥವನಿಲ್ಲ, ಆ ಕೆಲಸ ನಮ್ಮದೇ. ಡಬ್ಬಿಯ ಮೇಲಿನ ಬರಹವನ್ನು ಎಂದಾದರೂ ಕನ್ನಡಕ್ಕೆ ತರುವ ಕೆಲಸ ಸಿಕ್ಕರೆ ನಾನು ‘ಹಂಚಿಕೆ’ ಎಂದು ಬರೆಯುವುದಿಲ್ಲ, ‘ಪಾಳಿ ಸ್ವಿಚ್’ ಎಂದೇ ಬರೆಯುತ್ತೇನೆ. ಪಾಳಿ ಎಂದರೆ ಮೊದಲಿದ್ದವರು ಮುಗಿಸಿದರೇ ಎಂದು ಕೇಳುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.