ಟ್ರೇಲ್ ಕಟ್ಟಬೇಡಿ, ಬಂಡಿದಾರಿ ಬಿಡಿಸಿ

ಚಿತ್ರದುರ್ಗಕ್ಕೆ ಮೌಂಟೇನ್ ಬೈಕಿಂಗ್ ಟ್ರೇಲ್ ಬೇಡ. ಇದನ್ನು ಹೇಳುತ್ತಿರುವವನು ಸೈಕಲ್ ದ್ವೇಷಿಯಲ್ಲ, ಈ ಜಿಲ್ಲೆಯ ಗುಡ್ಡ ಕಣಿವೆಗಳಲ್ಲಿ ವರ್ಷಗಟ್ಟಲೆ ಪೆಡಲ್ ತುಳಿದು ಮಂಡಿ ಸವೆಸಿಕೊಂಡವನು.

ರಾಜ್ಯದ 2024–29ರ ಪ್ರವಾಸೋದ್ಯಮ ನೀತಿಯಲ್ಲಿ ಸಾಹಸ ಪ್ರವಾಸಕ್ಕೂ ಜಾಗ ಸಿಕ್ಕಿದ್ದೇ ತಡ, ಕೋಟೆನಾಡಿನಲ್ಲೂ ಇಂಗ್ಲೆಂಡಿನ ಕತೆ ಶುರುವಾಗಿದೆ. ಅಲ್ಲಿನ ಹಸಿರು ದಿಬ್ಬಗಳ ಮೇಲೆ ಹಾವಿನಂತೆ ಹರಿಯುವ ಸೈಕಲ್ ಹಾದಿಯ ಫೋಟೊ ತೋರಿಸುವುದು, ‘ನಮ್ಮ ಜೋಗಿಮಟ್ಟಿ ಗುಡ್ಡ ಯಾವುದರಲ್ಲಿ ಕಡಿಮೆ?’ ಎಂದು ಕೇಳುವುದು. ಮುಂದಿನದು ಯಾರಿಗೆ ಗೊತ್ತಿಲ್ಲ? ಡಿಪಿಆರ್, ಟೆಂಡರ್, ಮರದ ದಿಮ್ಮಿಯಂತೆ ಬಣ್ಣ ಬಳಿದ ಸಿಮೆಂಟ್ ಕಮಾನು, ಅದರ ಪಕ್ಕ ಟಿಕೆಟ್ ಕೌಂಟರ್. ಎರಡನೇ ಮಳೆಗಾಲಕ್ಕೆ ಹಾದಿಯ ಮಣ್ಣು ಹಳ್ಳ ಸೇರಿರುತ್ತದೆ, ಕಮಾನು ಮಾತ್ರ ಉಳಿದಿರುತ್ತದೆ.

ಇಂಗ್ಲೆಂಡಿನ ಫೋಟೊ ತೋರಿಸುವವರು ಒಂದು ಸಂಖ್ಯೆಯನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅದು 30. 1968ರ ಕಂಟ್ರಿಸೈಡ್ ಆ್ಯಕ್ಟ್‌ನ 30ನೇ ಕಲಂ. ನಡೆಯುವವರಿಗೂ ಕುದುರೆ ಸವಾರರಿಗೂ ಮೀಸಲಿದ್ದ ಹಳೆಯ ದಾರಿಗಳಲ್ಲಿ ಇನ್ನು ಮುಂದೆ ಯಾರು ಬೇಕಾದರೂ ಸೈಕಲ್ ತುಳಿಯಬಹುದು, ಅದು ಹಕ್ಕು, ಆದರೆ ನಡೆದು ಬರುವವರಿಗೂ ಕುದುರೆಯ ಮೇಲೆ ಬರುವವರಿಗೂ ಸೈಕಲ್‌ನವನೇ ದಾರಿ ಬಿಡಬೇಕು ಎಂದಿತು ಆ ಕಲಂ. ಅದರ ಮೂರನೇ ಉಪಕಲಂ ಇನ್ನೂ ಸೊಗಸು: ಸೈಕಲ್‌ನವರ ಅನುಕೂಲಕ್ಕಾಗಿ ಯಾವ ಪ್ರಾಧಿಕಾರವೂ ಏನೂ ಮಾಡಿಕೊಡಬೇಕಾಗಿಲ್ಲ. ಅಂದರೆ ಆ ಕಲಂ ಸರ್ಕಾರದ ಮೇಲೆ ಒಂದು ಕಾಸಿನ ಖರ್ಚನ್ನೂ ಹೊರಿಸಲಿಲ್ಲ.

ಇಸವಿಯನ್ನೂ ಗಮನಿಸಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ಸೈಕಲ್‌ಗಳಿಗೆ ದಪ್ಪ ಟೈರ್ ಹಾಕಿ ಬೆಟ್ಟದಿಂದ ಇಳಿಯತೊಡಗಿದ್ದು 1970ರ ದಶಕದಲ್ಲಿ. ಮೌಂಟೇನ್ ಬೈಕ್ ಹುಟ್ಟುವ ಮೊದಲೇ ಇಂಗ್ಲೆಂಡಿನಲ್ಲಿ ಅದರ ದಾರಿ ತೆರೆದಿತ್ತು. 1972ರಲ್ಲಿ ವಿಂಚೆಸ್ಟರ್ ಕಡೆಯಿಂದ ಈಸ್ಟ್‌ಬೋರ್ನ್‌ವರೆಗಿನ ಸೌತ್ ಡೌನ್ಸ್ ವೇ ತೆರೆಯತೊಡಗಿತು. ಇಂದು ಅದು 160 ಕಿಲೋಮೀಟರ್. ಬಹುಪಾಲು ಹಳೆಯ ಹಾದಿಗಳನ್ನೇ ಪೋಣಿಸಿ ಮಾಡಿದ್ದು. ದಾರಿಯುದ್ದಕ್ಕೂ ಖಾಸಗಿ ಹೊಲ, ಕುರಿ, ತೆರೆದು ಮುಚ್ಚುವ ಗೇಟು. ರೈತ ಹೊಲದ ನಡುವೆ ಹಾಯುವ ದಾರಿಯನ್ನು ಉತ್ತರೆ 14 ದಿನದಲ್ಲಿ ಮತ್ತೆ ದಾರಿ ಮಾಡಿಕೊಡಬೇಕು, ಕುದುರೆ ದಾರಿಯಾದರೆ ಕನಿಷ್ಠ 2 ಮೀಟರ್ ಅಗಲ ಬಿಡಬೇಕು ಎಂದು 1990ರ ಕಾನೂನು ಹೇಳುತ್ತದೆ. ಹೊಲ ಅವನದೇ, ಬೆಳೆಯೂ ಅವನದೇ, ದಾರಿ ಮಾತ್ರ ಎಲ್ಲರದು.

ಅಲ್ಲಿ ಸ್ವರ್ಗವಿದೆ ಎಂದಲ್ಲ. ಸಾರ್ವಜನಿಕ ಹಾದಿಗಳ ಪೈಕಿ ಸೈಕಲ್‌ಗೆ ದಕ್ಕಿರುವುದು ಐದನೇ ಒಂದು ಪಾಲಿಗಿಂತ ತುಸು ಹೆಚ್ಚು, ಉಳಿದದ್ದು ಬರೀ ಕಾಲುದಾರಿ. ಅಧಿಕೃತ ನಕ್ಷೆಯಿಂದ ಬಿಟ್ಟುಹೋದ 49,000 ಮೈಲಿ ದಾರಿಯನ್ನು 2020ರಲ್ಲಿ ನಡಿಗೆಗಾರರ ರ್‍ಯಾಂಬ್ಲರ್ಸ್ ಸಂಘದ ಸ್ವಯಂಸೇವಕರು ಹಳೇ ನಕ್ಷೆಗಳನ್ನು ಜಾಲಾಡಿ ಗುರುತಿಸಿದರು. ಅವರ ಗೋಳು, ದಾರಿ ನಕ್ಷೆಯಲ್ಲಿ ಇಲ್ಲ ಎನ್ನುವುದು. ನಮ್ಮದು ಇದಕ್ಕೆ ತಿರುಗಾಮುರುಗಾ. ನಕ್ಷೆಯಲ್ಲಿ ದಾರಿ ಇದೆ, ನೆಲದ ಮೇಲೆ ಇಲ್ಲ.

ಗ್ರಾಮ ನಕ್ಷೆ ನೋಡಿದವರಿಗೆ ಗೊತ್ತು: ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳೆಲ್ಲ ಸರ್ಕಾರದ ಸ್ವತ್ತು. ನಮಗೆ ಬೇಕಾದ 30ನೇ ಕಲಂ ಅರ್ಧದಷ್ಟು ನಮ್ಮ ಕೈಯಲ್ಲೇ ಇದೆ. ಅದನ್ನು ಬಿಟ್ಟು ಟ್ರೇಲ್ ವಿನ್ಯಾಸಕ್ಕೆ ಕನ್ಸಲ್ಟೆಂಟ್ ಹುಡುಕುತ್ತೇವೆ!

ಹೋದ ವರ್ಷ ಹೊಳಲ್ಕೆರೆ ತಾಲ್ಲೂಕಿನ ಒಂದು ಗ್ರಾಮದ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು ಜೋಡಿ ಚುಕ್ಕೆಗೆರೆಯ ಬೆನ್ನು ಹತ್ತಿದೆ. ಮೊದಲ ಒಂದೂವರೆ ಕಿಲೋಮೀಟರ್ ಹಬ್ಬ. ಎರಡೂ ಕಡೆ ಬದು, ಬದುವಿನ ಮೇಲೆ ಕತ್ತಾಳೆ, ನಡುವೆ ಗಾಲಿ ಕೊರೆದ ಕೆಮ್ಮಣ್ಣಿನ ಜಾಡು. ಆಮೇಲೆ ಜಾಡು ಕಿರಿದಾಗುತ್ತ ಬಂದು ಒಂದು ಅಡಿಕೆ ತೋಟದ ತಂತಿಬೇಲಿಗೆ ಮುಖ ಕೊಟ್ಟು ನಿಂತಿತು. ಬೇಲಿಯ ಆಚೆ ಡ್ರಿಪ್ ಪೈಪು, ಮೂರು ವರ್ಷದ ಸಸಿ. ತೋಟದ ಯಜಮಾನರು ಹೊರಗೆ ಬಂದರು.

‘ಎಲ್ಲಿಗ್ ಹೊಂಟ್ರಿ ಸ್ವಾಮಿ?’

‘ದಾರಿ ಇಲ್ಲೇ ಐತೆ ಅಂತ ನಕಾಶೇಲಿ ಐತಲ್ಲ ಯಜಮಾನ್ರೇ.’

‘ನಕಾಶೇಲಿ ಐತೆ, ಇಲ್ಲಿಲ್ಲ. ನಮ್ಮಪ್ಪನ ಕಾಲದಾಗೆ ಇತ್ತು.’

ಅವರು ಸುಳ್ಳು ಹೇಳಲಿಲ್ಲ, ಜಗಳಕ್ಕೂ ಬರಲಿಲ್ಲ. ಬಂಡಿ ಹೋಗುವುದು ನಿಂತು ಎಷ್ಟೋ ವರ್ಷವಾಗಿದೆ, ಬೋರ್‌ವೆಲ್‌ನಲ್ಲಿ ನೀರು ಬಿದ್ದಿದೆ, ಅಡಿಕೆಗೆ ರೇಟು ಬಂದಿದೆ, ದಾರಿ ತೋಟದೊಳಗೆ ಕರಗಿದೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು ಹಬ್ಬಿದಲ್ಲೆಲ್ಲ ಇದೇ ಕತೆ.

ಸರ್ಕಾರಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ನಕಾಶೆ ದಾರಿಯನ್ನು ಅಡ್ಡಗಟ್ಟಿದ್ದರೆ ತಹಶೀಲ್ದಾರರೇ ಬಿಡಿಸಿಕೊಡಬೇಕೆಂದು ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆ ಹೊರಡಿಸಿತು. ಹಿಂದಿನ ಹೊಲಕ್ಕೆ ಹೋಗಲಾಗದೆ ಕಂಗಾಲಾದ ರೈತರಿಗೆ ಅದು ವರವೇ. ಆದರೆ ಅದು ಹೊರಡುವುದು ರೈತನ ದೂರಿನಿಂದ. ಬೇಲಿಯ ಆಚೆ ಹೊಲವಿಲ್ಲದವನು, ಅಂದರೆ ಶಾಲೆಗೆ ಹೋಗುವ ಹುಡುಗಿ, ಕುರಿ ಹೊಡೆದುಕೊಂಡು ಬರುವವನು, ಸೈಕಲ್‌ನವನು, ಯಾವ ಕಾಗದ ಹಿಡಿದು ಹೋಗಬೇಕು? ಹೊಲಗಳಿಗೆ ರಸ್ತೆ ಮಾಡಿಕೊಡುವ ಸರ್ಕಾರದ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯ ಹೆಸರಿನಲ್ಲೇ ಉತ್ತರವಿದೆ: ಹೊಲವಿದ್ದವರಿಗೆ ದಾರಿ.

ಕಂದಾಯ ಇಲಾಖೆಯಿಂದ ನಾನು ಕೇಳುವುದು ಇಷ್ಟೇ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಈ ನಾಲ್ಕು ತಾಲ್ಲೂಕಿನ ಗ್ರಾಮ ನಕ್ಷೆಗಳನ್ನು ಅಂಚಿಗೆ ಅಂಚು ಜೋಡಿಸಿ, ಒಂದಕ್ಕೊಂದು ಕೂಡುವ ಬಂಡಿದಾರಿಗಳನ್ನು ಆರಿಸಿ, ಸರ್ವೆಯರ್ ಕಳಿಸಿ ಹದ್ದುಬಸ್ತು ಮಾಡಿಸಲಿ. ಹೊರಕೆರೆದೇವರಪುರದ ನರಸಿಂಹನ ಗುಡಿ, ರಾಮಗಿರಿ ಬೆಟ್ಟ, ವೇದಾವತಿಯ ದಂಡೆ, ವಾಣಿವಿಲಾಸ ಸಾಗರದ ಮಾರಿಕಣಿವೆ. ಬಂಡಿಗಳು ಜಾತ್ರೆಗೆ ಹೋಗುತ್ತಿದ್ದ ಜಾಡುಗಳೇ ಇವನ್ನು ಪೋಣಿಸುತ್ತವೆ. ತೋಟ ಎದ್ದು ನಿಂತಲ್ಲಿ ಮರ ಕಡಿಸುವುದು ಬೇಡ, ಬದುವಿನ ಮೇಲೆ ಎರಡು ಮೀಟರ್ ಬದಲಿ ದಾರಿ ಬರೆಸಿಕೊಂಡರೆ ಸಾಕು. ಇಂಗ್ಲೆಂಡಿನಲ್ಲೂ ಹಾದಿ ತಿರುಗಿಸಲು ಕಾನೂನಿನಲ್ಲಿ ಅವಕಾಶವಿದೆ.

ಜೋಗಿಮಟ್ಟಿಯನ್ನು ಇದರಿಂದ ಹೊರಗಿಡಬೇಕು. 2015ರಲ್ಲಿ ಅದು ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಂ ಅಲ್ಲಿ ಪ್ರವೇಶವನ್ನೇ ಬಿಗಿ ಮಾಡುತ್ತದೆ. ಪ್ರವಾಸಿಗೆ 28ನೇ ಕಲಂ ಅಡಿ ಪರವಾನಗಿ ಸಿಗಬಹುದು, ಆದರೆ ಪರವಾನಗಿ ಎಂದರೆ ಹಕ್ಕಲ್ಲ. ಗಾಳಿ ಫ್ಯಾನುಗಳಿಗೆಂದು ಗುಡ್ಡದ ನೆತ್ತಿ ಸೀಳಿ ರಸ್ತೆ ಮಾಡಿದ್ದಾಗಿದೆ, ಅದೇ ರಸ್ತೆ ತೋರಿಸಿ ‘ಟ್ರೇಲ್ ರೆಡಿ ಇದೆಯಲ್ಲ’ ಎನ್ನುವವರ ಜಾಣತನ ನನಗೆ ಒಪ್ಪಿಗೆಯಿಲ್ಲ. ಚಿರತೆ, ಕರಡಿಗಳ ಸಂಜೆಯ ಹೊತ್ತಿನಲ್ಲಿ ಹೆಡ್‌ಲೈಟ್ ಹಾಕಿಕೊಂಡು ಗುಡ್ಡ ಇಳಿಯಬೇಕಾದ ತುರ್ತು ಯಾರಿಗೂ ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಮಂದಿ ನುಗ್ಗಿ, ಆಮೇಲೆ ಚಾರಣವನ್ನೇ ನಿಲ್ಲಿಸಬೇಕಾಗಿ ಬಂದದ್ದು ಇಷ್ಟು ಬೇಗ ಮರೆತುಹೋಯಿತೆ?

‘ಇದರಿಂದ ರೈತನಿಗೇನು ಲಾಭ?’ ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ 2001ರ ಇಂಗ್ಲೆಂಡನ್ನು ನೋಡಬೇಕು. ಕಾಲುಬಾಯಿ ಜ್ವರ ಹರಡೀತೆಂದು ಹಳ್ಳಿಗಾಡಿನ ಹಾದಿಗಳಿಗೆ ತಿಂಗಳುಗಟ್ಟಲೆ ಬೀಗ ಬಿತ್ತು. ಖಾಸಗಿ ವಲಯಕ್ಕಾದ ನಷ್ಟ 500 ಕೋಟಿ ಪೌಂಡ್ ಮೀರಿತು ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯೇ ಹೇಳಿದೆ. ಅದರಲ್ಲಿ ಸಿಂಹಪಾಲು ಕಳೆದುಕೊಂಡದ್ದು ದನ ಸಾಕುವವರಲ್ಲ, ಹಳ್ಳಿಯ ವಸತಿಗೃಹ, ಹೋಟೆಲು, ಅಂಗಡಿಯವರು. ಟಿಕೆಟ್ ಇಲ್ಲದ ಹಾದಿ ಎಷ್ಟು ದುಡಿಯುತ್ತಿತ್ತೆಂದು ಹಾದಿ ಮುಚ್ಚಿದ ಮೇಲೆ ಗೊತ್ತಾಯಿತು. ನಮ್ಮಲ್ಲಿ 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾಡಿಗೆ ನಾಡೇ ಹಿರಿಯೂರಿಗೆ ಬಂತು. ಬಂದವರು ಸೆಲ್ಫಿ ತೆಗೆದುಕೊಂಡು ಹೆದ್ದಾರಿ ಹಿಡಿದು ವಾಪಸಾದರು. ಒಂದು ರಾತ್ರಿ ಉಳಿದು ಬೆಳಿಗ್ಗೆ ಹಳ್ಳಿಯ ಕಡೆ ಹೊರಡೋಣವೆಂದರೆ ದಾರಿ ಎಲ್ಲಿದೆ?

ಅಂದ ಹಾಗೆ, ಆ ತೋಟದ ಯಜಮಾನರು ಕೊನೆಗೆ ನನ್ನನ್ನು ಬದುವಿನ ಮೇಲೆ ಬಿಟ್ಟರು. ‘ಹತ್ತಬ್ಯಾಡ್ರಿ, ತಳ್ಕೊಂಡು ಹೋಗ್ರಿ’ ಎಂಬ ಷರತ್ತಿನ ಮೇಲೆ. ಆಚೆ ತುದಿಯ ಹುಣಸೆಮರ ತೋರಿಸಿ, ತೇರಿಗೆ ಹೋಗುವಾಗ ಅಪ್ಪ ಬಂಡಿ ಬಿಡುತ್ತಿದ್ದದ್ದು ಅದರ ಕೆಳಗೇ ಎಂದರು. ಹುಣಸೆಮರ ತಲುಪುವಷ್ಟರಲ್ಲಿ ಎರಡೂ ಟೈರಿಗೆ ನೆಗ್ಗಿಲು ಮುಳ್ಳು ಮೆತ್ತಿತ್ತು. ಕಿತ್ತು ಎಣಿಸಿದೆ, ಹದಿನೇಳು. ಮುಂದೆ ಜೋಡಿ ಗೆರೆ ಮತ್ತೆ ಶುರುವಾಗಿತ್ತು, ಕೆಮ್ಮಣ್ಣಿನಲ್ಲಿ ಸ್ಪಷ್ಟವಾಗಿ.