ಇ-ಮೇಲ್ ವಂಚನೆ: ತಪ್ಪು ಗುಮಾಸ್ತನದೊಂದೇ?

ವ್ಯಾಪಾರದ ಪತ್ರವ್ಯವಹಾರವು ಇ-ಮೇಲ್‌ಗೆ ವರ್ಗವಾದಂತೆ ಕಳ್ಳತನದ ಮಾರ್ಗವೂ ಬದಲಾಗಿದೆ. ವಿವರಗಳನ್ನು ನವೀಕರಿಸದಿದ್ದರೆ ಖಾತೆಯು ಇಂದೇ ಸ್ಥಗಿತಗೊಳ್ಳುವುದೆಂದು ಬ್ಯಾಂಕಿನ ಹೆಸರಿನಲ್ಲಿ ಒಂದು ಪತ್ರ ಎಚ್ಚರಿಸುತ್ತದೆ. ಆದಾಯ ತೆರಿಗೆ ಇಲಾಖೆಯ ಹೆಸರಿನ ಇನ್ನೊಂದು ಪತ್ರ ಮರುಪಾವತಿಯ ಆಸೆ ತೋರಿಸುತ್ತದೆ. ಅದರಲ್ಲಿನ ಕೊಂಡಿಯನ್ನು ಒತ್ತಿದರೆ ತೆರೆಯುವುದು ಅಸಲಿನಂತೆಯೇ ಕಾಣುವ ನಕಲಿ ಪುಟ. ಅಲ್ಲಿ ನಮೂದಿಸಿದ ಪಾಸ್‌ವರ್ಡ್, ಪ್ಯಾನ್ ಸಂಖ್ಯೆ, ಓಟಿಪಿ ಎಲ್ಲವೂ ವಂಚಕರ ಕೈ ಸೇರುತ್ತವೆ.

ಕಾಗುಣಿತದ ತಪ್ಪುಗಳಿಂದ ಇಂತಹ ಪತ್ರಗಳನ್ನು ಗುರುತಿಸಬಹುದೆಂಬುದು ಹಳೆಯ ಸಲಹೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಯಾರು ಬೇಕಾದರೂ ದೋಷರಹಿತ ಪತ್ರ ಸಿದ್ಧಪಡಿಸಬಲ್ಲ ಈ ಕಾಲದಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ. ಕಳುಹಿಸಿದವರ ಹೆಸರಿನ ಬದಲು ಪೂರ್ಣ ವಿಳಾಸವನ್ನು ಅಕ್ಷರಶಃ ಓದಬೇಕು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಜಾಲತಾಣ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದ್ದು ಈ ಪರಿಶೀಲನೆಯನ್ನು ಸುಲಭಗೊಳಿಸಲೆಂದೇ. ಪತ್ರದಲ್ಲಿನ ಕೊಂಡಿಯನ್ನು ಬಳಸದೆ ಆ ವಿಳಾಸವನ್ನು ತಾವೇ ಟೈಪ್ ಮಾಡುವುದು ಕ್ಷೇಮ.

ಉದ್ದಿಮೆಗಳಿಗೆ ಅಪಾಯ ಇಷ್ಟಕ್ಕೇ ಮುಗಿಯದು. ಕಚೇರಿಯ ಇ-ಮೇಲ್ ಪಾಸ್‌ವರ್ಡ್ ಕದ್ದವನು ಸದ್ದಿಲ್ಲದೆ ಪತ್ರಗಳನ್ನು ಓದುತ್ತಾನೆ. ಹಣ ಸಂದಾಯದ ಸಮಯಕ್ಕೆ ಸರಿಯಾಗಿ, ಸರಬರಾಜುದಾರರ ಹೆಸರಿನಲ್ಲಿ “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ” ಎಂದು ಬರೆಯುತ್ತಾನೆ. ಪಾಸ್‌ವರ್ಡ್ ಕದಿಯದೆಯೂ ಇಂತಹ ಮೋಸ ಸಾಧ್ಯ. 2013ರಿಂದ 2015ರ ಅವಧಿಯಲ್ಲಿ ಲಿಥುವೇನಿಯಾದ ವ್ಯಕ್ತಿಯೊಬ್ಬ ಏಷ್ಯಾದ ಯಂತ್ರಾಂಶ ತಯಾರಕ ಸಂಸ್ಥೆಯೊಂದರ ಹೆಸರಿನಲ್ಲಿ ನಕಲಿ ಬಿಲ್ಲುಗಳನ್ನು ಕಳುಹಿಸಿ, ಗೂಗಲ್ ಮತ್ತು ಫೇಸ್‌ಬುಕ್ ಸಂಸ್ಥೆಗಳಿಂದ 12 ಕೋಟಿ ಡಾಲರಿಗೂ ಮಿಕ್ಕಿದ ಹಣ ಪಡೆದಿದ್ದ. 2019ರಲ್ಲಿ ಅಮೆರಿಕದ ನ್ಯಾಯಾಲಯವು ಅವನಿಗೆ 5 ವರ್ಷಗಳ ಸೆರೆವಾಸ ವಿಧಿಸಿತು.

ತಂತ್ರಜ್ಞಾನದ ದಿಗ್ಗಜರೇ ಹೀಗೆ ಮೋಸಹೋದ ಮೇಲೆ, ನಷ್ಟವಾದಾಗಲೆಲ್ಲ ಗುಮಾಸ್ತನೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಒಬ್ಬನೇ ನೌಕರ, ಒಂದೇ ಪತ್ರವನ್ನು ನಂಬಿ ಲಕ್ಷಾಂತರ ರೂಪಾಯಿ ಪಾವತಿಸಲು ಅವಕಾಶವಿತ್ತ ಕಚೇರಿಯ ಪದ್ಧತಿಯೇ ದೋಷದ ಮೂಲ. ಖಾತೆ ಬದಲಾವಣೆಯ ಸೂಚನೆ ಬಂದಾಗ, ಪತ್ರದಲ್ಲಿರುವ ಸಂಖ್ಯೆಗಲ್ಲದೆ, ಮೊದಲಿನಿಂದ ಬಲ್ಲ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಕಡ್ಡಾಯವಾಗಬೇಕು. ಈ ನಿಯಮಗಳಿಗೆ ಮಾಲೀಕರೂ ಹೊರತಾಗಬಾರದು. ಏಕೆಂದರೆ “ತುರ್ತಾಗಿ ಹಣ ಕಳುಹಿಸಿ” ಎಂಬ ನಕಲಿ ಪತ್ರ ಹಲವು ವೇಳೆ ಅವರ ಹೆಸರಿನಲ್ಲೇ ಬರುತ್ತದೆ.

ನೌಕರಿ ಹೋದೀತೆಂಬ ಭಯದಿಂದ ತಪ್ಪನ್ನು ಮುಚ್ಚಿಟ್ಟರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿದರೆ ಹಣವು ಮುಂದಿನ ಖಾತೆಗೆ ಸಾಗದಂತೆ ತಡೆಯುವ ಸಾಧ್ಯತೆಯಿದೆ. ತಪ್ಪನ್ನು ನಿರ್ಭಯವಾಗಿ ಹೇಳಿಕೊಳ್ಳಬಲ್ಲ ವಾತಾವರಣವೂ ಭದ್ರತೆಯ ಒಂದು ಭಾಗವೇ.

ಹಿಂದಿನ ವರ್ತಕರು ಹುಂಡಿಯ ಒಕ್ಕಣೆ, ಸಹಿಗಳನ್ನು ಪರಿಶೀಲಿಸಿಯೇ ಹಣ ಎಣಿಸುತ್ತಿದ್ದರು. ಹಾಗೆ ಪರಿಶೀಲಿಸುವುದನ್ನು ಯಾರೂ ಅವಮಾನವೆಂದು ಭಾವಿಸುತ್ತಿರಲಿಲ್ಲ. ಅದೇ ಶಿಸ್ತು ಇಂದು ಇ-ಮೇಲ್‌ಗೂ ಅನ್ವಯವಾಗಬೇಕು.