ಗುಲಾಬಿ ಹಡಗಿನಿಂದ ಇಳಿಸಿದ ಹುಡುಗಿ

ಮುಳುಗೋದೇ ಕಸುಬಾಗಿರುವ ಹಡಗು ಮುಳುಗಿದರೆ ಅದರಲ್ಲೇನ್ರೀ ಸುದ್ದಿ ಅಂತೀರಾ? ಇದೆ ಸ್ವಾಮಿ, ಕೇಳಿ. ಈ ವಾರದ ಹಡಗು ಒಂದು ಸಬ್‌ಮರೀನು. ಹೆಸರು 'ಸೀ ಟೈಗರ್'. ಬಣ್ಣ? ಗುಲಾಬಿ! ಹುಲಿಗೆ ಗುಲಾಬಿ ಬಣ್ಣ ಬಳಿದವರು ಹಾಲಿವುಡ್ಡಿನವರು.

ಮೊದಲು ಬಂದದ್ದು ಸಿನಿಮಾ. 1959ರ 'ಆಪರೇಷನ್ ಪೆಟಿಕೋಟ್'. ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್. ಎರಡನೇ ಮಹಾಯುದ್ಧದ ಕಾಲ, ಪೆಸಿಫಿಕ್ ಸಾಗರ. ಬಾಂಬಿಗೆ ಸಿಕ್ಕಿ ಜಖಂ ಆದ ಹಡಗಿಗೆ ಅಲ್ಲಿ ಇಲ್ಲಿ ಕದ್ದು ತಂದ ಸಾಮಾನಿನಲ್ಲಿ ರಿಪೇರಿ. ಅಡಿಬಣ್ಣಕ್ಕೆ ಕೆಂಪೂ ಸಾಲದು, ಬಿಳಿಯೂ ಸಾಲದು. ಎರಡನ್ನೂ ಬೆರೆಸಿದರೆ ಗುಲಾಬಿ! ಮೇಲೆ ಬೇರೆ ಬಣ್ಣ ಬಳಿಯುವಷ್ಟರಲ್ಲಿ ಶತ್ರುವಿನ ದಾಳಿ. ಹಾಗೇ ಸಮುದ್ರಕ್ಕೆ ಓಟ. ಸಾಲದ್ದಕ್ಕೆ ಆ ಇಕ್ಕಟ್ಟಿನಲ್ಲಿ ಐವರು ನರ್ಸಮ್ಮಗಳು ಬೇರೆ! ಕ್ಯಾಪ್ಟನ್ ಆಗಿ ಕ್ಯಾರಿ ಗ್ರಾಂಟ್, ಸಾಮಾನು ಹಾರಿಸೋದರಲ್ಲಿ ಪಳಗಿದ ಅಧಿಕಾರಿಯಾಗಿ ಟೋನಿ ಕರ್ಟಿಸ್.

ಈ ಟೋನಿ ಯುದ್ಧಕಾಲದಲ್ಲಿ ನಿಜವಾಗಿಯೂ ಅಮೆರಿಕಾದ ನೌಕಾಪಡೆಯಲ್ಲಿದ್ದವನು. 1943ರ 'ಡೆಸ್ಟಿನೇಷನ್ ಟೋಕಿಯೋ'ದಲ್ಲಿ ಪೆರಿಸ್ಕೋಪಿಗೆ ಕಣ್ಣಿಟ್ಟ ಕ್ಯಾರಿ ಗ್ರಾಂಟನನ್ನು ಕಂಡು ಸಬ್‌ಮರೀನಿನ ಹುಚ್ಚು ಹತ್ತಿಸಿಕೊಂಡ ಆಸಾಮಿ. ಅದೇ ಗ್ರಾಂಟ್ ಪಕ್ಕದಲ್ಲಿ, ಅಂಥದೇ ಹಡಗಿನಲ್ಲಿ ನಿಂತು ನಟಿಸುವ ಯೋಗ ಎಷ್ಟು ಮಂದಿಗಿದೆ ಹೇಳಿ?

ಹದಿನೆಂಟು ವರ್ಷ ಕಳೆಯಿತು. 1977ರಲ್ಲಿ ಎಬಿಸಿ ಟೆಲಿವಿಷನ್ ಅದೇ ಹಡಗನ್ನು, ಅದೇ ಹೆಸರಿನಲ್ಲಿ, ವಾರದ ಹಾಸ್ಯ ಧಾರಾವಾಹಿ ಮಾಡಿ ಮತ್ತೆ ನೀರಿಗಿಳಿಸಿತು. ಕ್ಯಾಪ್ಟನ್ ಜಾನ್ ಆಸ್ಟಿನ್. ಟೋನಿಯ ಪಾತ್ರ ರಿಚರ್ಡ್ ಗಿಲಿಲೆಂಡ್‌ಗೆ. ನರ್ಸುಗಳ ಪೈಕಿ ಒಬ್ಬಳು ಹದಿನೆಂಟರ ಹೊಸಮುಖ... ಹೆಸರು ಜೇಮಿ ಲೀ ಕರ್ಟಿಸ್. ಹೌದು, ಟೋನಿಯ ಮಗಳೇ! ತಾಯಿ, 'ಸೈಕೋ' ಚಿತ್ರದ ಸ್ನಾನದ ಮನೆಯಲ್ಲಿ ಕಿರುಚಿದ ಜಾನೆಟ್ ಲೀ.

ಹಡಗು ಓಡಿತೆ? ಕುಂಟಿತು. ಎರಡು ಗಂಟೆಯ ಸಿನಿಮಾಕ್ಕೆ ಸಾಕಾಗಿದ್ದ ಜೋಕನ್ನು ವಾರವಾರವೂ ಎಳೆದರೆ ನಗು ಎಲ್ಲಿಂದ ಬರಬೇಕು? ಆ ಹೊತ್ತಿಗೆ ಸಿಬಿಎಸ್‌ನಲ್ಲಿ 'ಮ್ಯಾಶ್' ಓಡುತ್ತಿತ್ತು. ಅದೂ ಸಿನಿಮಾದಿಂದ ಬಂದದ್ದೇ, ಅದೂ ಯುದ್ಧದ ಹಾಸ್ಯವೇ. ಆದರೆ ಅಲ್ಲಿ ನಗುವಿನ ಪಕ್ಕದಲ್ಲೇ ಸಾವೂ ಮಲಗಿರುತ್ತಿತ್ತು. ಅದು 1972ರಿಂದ 1983ರವರೆಗೆ ಬಾಳಿತು. ಗುಲಾಬಿ ಹಡಗಿನಲ್ಲಿ ಬಣ್ಣ ಇತ್ತು, ಭಯ ಇರಲಿಲ್ಲ.

ಮಾಲೀಕರು ಮಾಡಿದ್ದೇನು ಗೊತ್ತೇ? ಕಥೆ ಬಿಟ್ಟು ಕಲಾವಿದರ ಮೇಲೆ ಕೈ ಹಾಕಿದರು! ಎರಡನೇ ಸೀಸನ್ನಿಗೆ ಬೆರಳೆಣಿಕೆಯ ಮಂದಿಯನ್ನು ಉಳಿಸಿಕೊಂಡು ಮಿಕ್ಕವರನ್ನೆಲ್ಲ ಇಳಿಸಿದರು. ಕ್ಯಾಪ್ಟನ್ನನ್ನೂ ಬಿಡಲಿಲ್ಲ, ಜೇಮಿಯನ್ನೂ ಬಿಡಲಿಲ್ಲ. ಅಪ್ಪನ ಹಡಗಿನಿಂದ ಮಗಳಿಗೇ ಗೇಟ್‌ಪಾಸ್! ಹೊಸ ಮುಖ ಹೊತ್ತ ಹಡಗಾದರೂ ದಡ ಸೇರಿತೆ? ಇಲ್ಲ. 1979ಕ್ಕೆ ಅದರ ಕಥೆ ಮುಗಿಯಿತು.

ಕೆಲಸ ಕಳೆದುಕೊಂಡ ಹುಡುಗಿಗೆ ಸಿಕ್ಕಿದ್ದು ಜಾನ್ ಕಾರ್ಪೆಂಟರನ ಒಂದು ಬಡಪಾಯಿ ಚಿತ್ರ. ಸುಮಾರು ಇಪ್ಪತ್ತು ದಿನದ ಶೂಟಿಂಗ್. ಸಂಬಳ ಎಂಟು ಸಾವಿರ ಡಾಲರ್. ಕೊಲೆಗಾರನ ಮುಖವಾಡಕ್ಕೂ ಕಾಸಿಲ್ಲದೆ, ಅಂಗಡಿಯಲ್ಲಿ ಸಿಕ್ಕ ಅಗ್ಗದ ಮುಖವಾಡಕ್ಕೆ ಬಿಳಿ ಬಣ್ಣ ಬಳಿದುಕೊಂಡರಂತೆ. ಆ ಚಿತ್ರವೇ 1978ರ 'ಹ್ಯಾಲೊವೀನ್'! ಗುಲಾಬಿ ಬಣ್ಣ ಕೈ ಬಿಟ್ಟವಳನ್ನು ಬಿಳಿ ಬಣ್ಣ ಕೈ ಹಿಡಿಯಿತು. ಧಾರಾವಾಹಿಯಿಂದ ತೆಗೆಯದೇ ಇದ್ದಿದ್ದರೆ ಆ ಚಿತ್ರ ತನಗೆ ಸಿಗುತ್ತಲೇ ಇರಲಿಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾಳೆ.

ಅಪ್ಪ-ಅಮ್ಮನ ಹೆಸರು ಇತ್ತಲ್ಲ ಅನ್ನಬಹುದು. ಇತ್ತು. 'ಸೈಕೋ' ತಾಯಿಯ ಮಗಳು ಅನ್ನೋದು 'ಹ್ಯಾಲೊವೀನ್' ಪ್ರಚಾರಕ್ಕೂ ಒದಗಿತು. ಆದರೆ ಹೆಸರು ಬಾಗಿಲು ತೆಗೆಸುತ್ತೆ, ಒಳಗೆ ಕೂರಿಸೋಲ್ಲ. ಆಸ್ಕರ್‌ಗೆ ಅಪ್ಪನೂ ನಾಮಕರಣಗೊಂಡಿದ್ದ, ಅಮ್ಮನೂ ನಾಮಕರಣಗೊಂಡಿದ್ದಳು. ಇಬ್ಬರೂ ಬರಿಗೈಲಿ ಬಂದರು. 2023ರಲ್ಲಿ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್' ಚಿತ್ರದ ಪೋಷಕ ಪಾತ್ರಕ್ಕೆ ಆ ಬೊಂಬೆಯನ್ನು ಮನೆಗೆ ತಂದವಳು ಮಗಳು, ತನ್ನ ಅರವತ್ತನಾಲ್ಕನೇ ವಯಸ್ಸಿನಲ್ಲಿ.

ಪಾತ್ರ ಕಿತ್ತುಕೊಂಡರು ಅಂತ ಸ್ಟುಡಿಯೋ ಗೇಟಿನಲ್ಲಿ ಕಣ್ಣೊರೆಸಿಕೊಳ್ಳುವ ತಂಗಿಯರೇ, ತಮ್ಮಂದಿರೇ! ಬೈಯಬೇಕಾದವರನ್ನು ಬೈಯಿರಿ, ಅಡ್ಡಿಯಿಲ್ಲ. ಜೊತೆಗೆ ನೀವು ಇಳಿದ ಹಡಗು ಇನ್ನೂ ಎಷ್ಟು ದಿನ ತೇಲುತ್ತೆ ಅಂತ ಒಮ್ಮೆ ತಿರುಗಿ ನೋಡಿ!